ರೆತಮಾಲಿನ ತಗಡು ಲೋಟ

ಗೇಟಿನ ಕಂಬಕ್ಕೆ ಟ್ರಕ್ಕು ಗುದ್ದಿದ ಮೇಲೆ ಲಿಬ್ರಾದೊ ಅಪ್ಪನ ಕೈಯಿಂದ ಬೀಗದ ಕೈ ಕಿತ್ತುಕೊಂಡ. ಅವತ್ತಿನಿಂದ ಆ ಮನೆಯಲ್ಲಿ ಊಟದ ಹೊತ್ತು ಅಂದರೆ ಜಗಳದ ಹೊತ್ತು ಎಂದಾಯಿತು.

"ಕಂಬ ಅಡ್ಡ ಬಂತು ಕಣೋ," ಎಂದ ಮುದುಕ ಎವರಿಸ್ತೊ, ರೊಟ್ಟಿ ಮುರಿಯುತ್ತ.

"ನಲವತ್ತು ವರ್ಷದಿಂದ ಅಲ್ಲೇ ನಿಂತಿರೋ ಕಂಬ ಅಪ್ಪ ಅದು. ನೆಟ್ಟೋನು ನೀನೇ."

"ನೆಟ್ಟೋನು ನಾನೇ ಅಂದ್ಮೇಲೆ ಗುದ್ದೋ ಹಕ್ಕೂ ನಂದೇ."

ಮೊಮ್ಮಗಳು ನೆಲ್ದ ಕಿಸಕ್ಕನೆ ನಕ್ಕಳು. ಹದಿನಾರರ ಹುಡುಗಿ, ನಗುವುದಕ್ಕೆ ಕಾರಣ ಬೇಕಿರಲಿಲ್ಲ. ಲಿಬ್ರಾದೊ ನಗಲಿಲ್ಲ. ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುತ್ತಿದ್ದ ಅವನ ಹೆಂಡತಿ ಒತೀಲಿಯ, ಮಾವನ ತಟ್ಟೆಗೆ ಇನ್ನೊಂದು ಸೌಟು ಕಾಳಿನ ಸಾರು ಬಡಿಸಿ ಸುಮ್ಮನಾದಳು. ಅಪ್ಪ ಮಗನ ನಡುವೆ ಬಾಯಿ ಹಾಕಿದರೆ ಎರಡೂ ಕಡೆಯ ಏಟು ಸೊಸೆಗೇ ಬೀಳುತ್ತದೆ ಎಂದು ಹದಿನೇಳು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು.

ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲಾ ಗಾರ್ಸ ಎಂಬ ಮೇವಿನ ಕಾವಲಿನಲ್ಲಿ ಐವತ್ತು ವರ್ಷ ಕುದುರೆಯ ಮೇಲೆ ಕೂತು ದನ ಕಾದವನು. ಕೆಲಸದಿಂದ ಇಳಿಸಿದ ಮೇಲೂ ಪ್ರತಿ ಗುರುವಾರ ಯಾರೂ ಹೇಳದಿದ್ದರೂ ಟ್ರಕ್ಕು ಹತ್ತಿ, ದನದ ತೊಟ್ಟಿಗೆ ನೀರೆತ್ತುವ ಗಾಳಿಯಂತ್ರಗಳ ಸುತ್ತು ಹೊಡೆದು ಬರುತ್ತಿದ್ದ. ಗಾಳಿಯಂತ್ರದ ಕೆಲಸ ಈಗ ಮಗನದು. ಮುದುಕ ಹೋಗುತ್ತಿದ್ದುದು ಲೋಟ ನೋಡುವುದಕ್ಕೆ. ಒಂದೊಂದು ಗಾಳಿಯಂತ್ರದ ಕಾಲಿಗೂ ತಂತಿಯಲ್ಲಿ ಒಂದು ತಗಡಿನ ಲೋಟ ತೂಗುಹಾಕಿದ್ದ. ಕಾಗದಪತ್ರ ಇಲ್ಲದೆ ಗಡಿ ದಾಟಿ, ಹೆದ್ದಾರಿಯ ತಪಾಸಣೆ ಗೇಟಿಗಿಂತ ಮೊದಲೇ ಗಾಡಿ ಇಳಿದು, ಮೂರು ದಿನ ಮರಳಿನಲ್ಲಿ ಉತ್ತರಕ್ಕೆ ನಡೆಯುವ ಜನ ಇದ್ದಾರಲ್ಲ, ಅವರಿಗಾಗಿ. ಆ ಲೋಟದ ಸುದ್ದಿ ಕಾವಲಿನವರಿಗೆಲ್ಲ ಗೊತ್ತು, ಬಾಯಿ ಬಿಟ್ಟು ಆಡಿದವರು ಯಾರೂ ಇಲ್ಲ.

"ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರೆ," ಎನ್ನುತ್ತಿದ್ದ ಮುದುಕ. "ನಮ್ಮಲ್ಲಿ ಉಪ್ಪಿಗೆ ಬರ ಇಲ್ಲ. ಸಮುದ್ರ ಪಕ್ಕದಲ್ಲಿ ಇಟ್ಕೊಂಡು ಕುಡಿಯೋ ನೀರಿಗೆ ಬಡತನ."

ಈಗ ಆ ಸುತ್ತು ನಿಂತು ಅವನು ಜಗಲಿಯ ಕುರ್ಚಿಗೆ ಬಿದ್ದಿದ್ದ.

ಆಗಸ್ಟಿನ ಮೊದಲ ವಾರ ಶಾಲೆಯ ಅಡುಗೆಮನೆಯ ಫೋನು ಬಡಿಯಿತು. ಆ ಜಿಲ್ಲೆಗೆಲ್ಲ ಇರುವುದೇ ಒಂದು ಶಾಲೆ, ಎಪ್ಪತ್ತು ಮಕ್ಕಳು. ಒತೀಲಿಯ ಅಲ್ಲಿ ಅಡುಗೆಯವಳು. ರಜೆ ಮುಗಿಯುವ ಮೊದಲು ಪಾತ್ರೆಗಳನ್ನೆಲ್ಲ ಇಳಿಸಿ ಉಜ್ಜುತ್ತಿದ್ದವಳು ಸೋಪಿನ ಕೈಯಲ್ಲೇ ಫೋನು ಎತ್ತಿದಳು.

"ಅಕ್ಕ, ನಾನು ಚೆಮ. ಬರ್ತಿದೀನಿ."

ಚೆಮ ಅವಳ ತಮ್ಮ, ಗಡಿಯ ಆಚೆ ತವರಿನಲ್ಲಿದ್ದವನು. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಇವಳಿಗೆ ಹದಿನೇಳು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮದುವೆಯಾಗಿ ಹೊರಟ ದಿನ ಆರು ವರ್ಷದ ಮಗು ಬಸ್ಸಿನ ಹಿಂದೆ ಓಡಿ ಬಂದಿತ್ತು, ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ. ಕರೆಸಿಕೊಳ್ಳುತ್ತೇನೆ ಎಂದು ಕಿಟಕಿಯಿಂದ ಕೂಗಿ ಹೇಳಿದ್ದಳು. ಕರೆಸಿಕೊಂಡಿರಲಿಲ್ಲ.

"ಈ ಬಿಸಿಲಲ್ಲಾ? ನಿಂಗೆ ತಲೆ ಕೆಟ್ಟಿದ್ಯಾ?"

"ಸಿಗಡಿ ದೋಣಿಯವರು ಕೆಲಸ ಬಿಡಿಸಿದ್ರು ಅಕ್ಕ. ಇಲ್ಲಿ ಕೂತು ಏನ್ ಮಾಡ್ಲಿ? ಜೊತೆಗೆ ಇನ್ನಿಬ್ರು ಇದಾರೆ. ದಾರಿ ಹೇಳು ಸಾಕು."

ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. ಹೆದ್ದಾರಿಯ ಸದ್ದು ಎಡಕ್ಕಿರಲಿ, ಸಮುದ್ರದ ಗಾಳಿ ಬಲಗೆನ್ನೆಗೆ ಬಡಿಯುತ್ತಿರಲಿ. ಮೊದಲ ದಿನ ಒಂದು ಗಾಳಿಯಂತ್ರ ಸಿಗುತ್ತದೆ, ಎರಡನೇ ದಿನ ಇನ್ನೊಂದು. ಮೂರನೆಯದು ರೆತಮಾಲ್, ಚಕ್ರದ ಎರಡು ರೆಕ್ಕೆ ಮುರಿದಿದೆ, ಪಕ್ಕದಲ್ಲಿ ಓಕ್ ಮರದ ತೋಪು. "ಅಲ್ಲಿ ಎಲ್ಲೂ ಹೋಗದೆ ಕೂತಿರು. ನೀರಿಗೆ ಯೋಚನೆ ಇಲ್ಲ, ಲೋಟ ಸಮೇತ ಇರುತ್ತೆ. ಹದಿನೈದನೇ ತಾರೀಕು ಮಾತೆಯ ಹಬ್ಬ ಆದ್ಮೇಲೆ ಬರೋ ಶುಕ್ರವಾರ ಮಧ್ಯಾಹ್ನ ಬರ್ತೀನಿ, ಊಟ ತರ್ತೀನಿ."

"ಏನ್ ಊಟ?"

"ಬಾ ಮೊದ್ಲು, ಹೊಟ್ಟೆಬಾಕ."

ಅವನು ನಕ್ಕಿದ್ದು ಫೋನಿನಲ್ಲಿ ಕೇಳಿಸಿತು.

ಮನೆಯಲ್ಲಿ ಹೇಳಬೇಕು ಎಂದೇ ಅವಳು ಆ ಭಾನುವಾರ ಮೇಕೆ ಮಾಂಸದ ಸಾರು ಮಾಡಿದಳು. ಗಂಡನ ಹೊಟ್ಟೆ ತುಂಬಿದ ಮೇಲೆ ಮಾತೆತ್ತುವುದು ಅವಳ ಹಳೆಯ ಉಪಾಯ. ಆದರೆ ಲಿಬ್ರಾದೊ ಕೂರುವಾಗಲೇ ಬೇರೆ ಸುದ್ದಿ ಹೊತ್ತು ತಂದಿದ್ದ.

"ಮ್ಯಾನೇಜರ್ ಪ್ರೆಂಟಿಸ್ ಎಲ್ರುನ್ನೂ ನಿಲ್ಸಿ ಹೇಳಿದ. ನಡೆಯೋರಿಗೆ ಗಾಡಿ ಹತ್ಸಿದ್ರೆ, ಮನೇಲಿ ಮಲಗ್ಸಿದ್ರೆ, ಏಳು ದಿನದಲ್ಲಿ ಮನೆ ಖಾಲಿ. ಯಾರಾದ್ರೂ ಸರಿ, ಎಷ್ಟು ವರ್ಷದವರಾದ್ರೂ ಸರಿ."

"ನಮ್ಮಪ್ಪ ಹುಟ್ಟಿದ ಮನೆ ಇದು," ಎಂದ ಮುದುಕ.

"ಹುಟ್ಟಿದ್ದು ನಿಮ್ಮಪ್ಪ. ಕಟ್ಸಿದ್ದು ಕಾವಲಿನ ಯಜಮಾನರು. ಕೆಲಸ ಇರೋ ತನಕ ಮನೆ, ಅಷ್ಟೇ."

"ಬಾಯಾರಿದೋನಿಗೆ ನೀರು ಕೊಟ್ರೆ?"

"ಅದನ್ನ ಅವನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಅಪ್ಪ, ಯಾರೇ ಬಂದು ಬಾಗಿಲು ತಟ್ಟಲಿ, ನನ್ನ ಒಡಹುಟ್ಟಿದೋನೇ ಆಗ್ಲಿ, ನಾನೇ ಪೊಲೀಸಿಗೆ ಫೋನ್ ಮಾಡಿ ಒಪ್ಪಿಸ್ತೀನಿ. ನಿನ್ನ ಕಣ್ಣು, ಇವಳ ಶಾಲೆ, ಎಲ್ಲಾನೂ ನೋಡ್ಬೇಕಲ್ಲ ನಾನು."

ಒತೀಲಿಯ ಸಾರಿನ ಪಾತ್ರೆ ಮುಚ್ಚಿದಳು. ನಾಲಿಗೆಯ ತುದಿಗೆ ಬಂದಿದ್ದು ಹಾಗೇ ಹಿಂದೆ ಹೋಯಿತು. ತಮ್ಮ ಬಂದು ಎದುರಿಗೆ ನಿಂತ ಮೇಲೆ ಇವನು ಓಡಿಸಲಾರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಲಿಬ್ರಾದೊ ಬಾಯಿ ಒರಟು, ಕರುಳು ಒರಟಲ್ಲ. ಅದು ಅವಳಿಗೆ ಗೊತ್ತಿತ್ತು, ಅದನ್ನೇ ನಂಬಿದಳು.

ಹಬ್ಬ ಕಳೆದ ಮಂಗಳವಾರ ಸಂಜೆ ಲಿಬ್ರಾದೊ ಅಪ್ಪನ ಟ್ರಕ್ಕಿನಲ್ಲೇ ಮೈಯೆಲ್ಲ ಧೂಳಾಗಿ ಬಂದ. ಕೈ ತೊಳೆದವನೇ ತಟ್ಟೆಗೆ ಕೂತ.

"ದೊಡ್ಡಿಗೆ ಬಿಟ್ಟು ಮಿಕ್ಕ ಕಡೆಯೆಲ್ಲ ನೀರು ನಿಲ್ಸಿದ್ದಾಯ್ತು."

"ಈಗ್ಲಾ? ದನ ಹಿಡಿಯೋದು ಅಕ್ಟೋಬರಲ್ಲಿ ಅಲ್ವೇನೋ?" ಎಂದ ಮುದುಕ.

"ಕೊಳ್ಳೋನು ಬೇಗ ಬೇಕು ಅಂದನಂತೆ. ಪ್ರೆಂಟಿಸ್ ಹೇಳಿದ, ಮುಗೀತು."

ಜಾಲಿಯ ಮೆಳೆಯೊಳಗೆ ಹೊಕ್ಕ ದನವನ್ನು ಕುದುರೆಯ ಮೇಲೆ ಅಟ್ಟಿ ತರಬೇಕಾದರೆ ಹತ್ತು ಜನ ಹತ್ತು ದಿನ ಮೈ ಗೀಚಿಸಿಕೊಳ್ಳಬೇಕು. ನೀರು ನಿಲ್ಲಿಸಿದರೆ ದನ ತಾನಾಗಿಯೇ ಬರುತ್ತದೆ. ಸುತ್ತಲ ತೊಟ್ಟಿಗಳನ್ನು ಬರಿದು ಮಾಡಿ, ಗಾಳಿಯಂತ್ರದ ಚಕ್ರ ಕಟ್ಟಿ, ಒಂದೇ ಒಂದು ದೊಡ್ಡಿಯ ತೊಟ್ಟಿ ತುಂಬಿಸಿಡುತ್ತಾರೆ. ದೊಡ್ಡಿಯ ಗೇಟು ಒಳಕ್ಕೆ ಮಾತ್ರ ತೆರೆಯುತ್ತದೆ. ಮೂರನೇ ದಿನಕ್ಕೆ ಎಂಥ ಪುಂಡು ಹೋರಿಯೂ ತಲೆ ತಗ್ಗಿಸಿಕೊಂಡು ಒಳಗೆ ಬರುತ್ತದೆ. ಹೀಗೆ ಮಾಡಿದಾಗಲೆಲ್ಲ ಮುದುಕ ಒಂದೊಂದು ಗಾಳಿಯಂತ್ರಕ್ಕೂ ನೀರು ತುಂಬಿದ ದೊಡ್ಡ ಜಾಡಿಯೊಂದನ್ನು ಕಟ್ಟಿ ಬರುತ್ತಿದ್ದ. ದನಕ್ಕೆ ಕಟ್ಟಿದ ಬಲೆಗೆ ಮನುಷ್ಯ ಸಿಕ್ಕಬಾರದು ಎನ್ನುತ್ತಿದ್ದ.

"ಎಲ್ಲೆಲ್ಲಿ ನಿಲ್ಸಿದೆ?"

"ನೋರಿಯ, ಕೊಯೋತೆಸ್, ರೆತಮಾಲ್."

ಒತೀಲಿಯಳ ಕೈಯಿಂದ ಸೌಟು ಜಾರಿ ಪಾತ್ರೆಯೊಳಗೆ ಬಿತ್ತು.

"ಜಾಡಿ ಕಟ್ಟಿದ್ಯಾ?" ಎಂದ ಮುದುಕ.

ಲಿಬ್ರಾದೊ ರೊಟ್ಟಿ ಅಗಿಯುತ್ತಿದ್ದ.

"ಕೇಳಿದ್ದು ಕೇಳಿಸ್ತಾ? ಕಣ್ಣು ಹೋಗಿರೋದು ನಂಗೆ, ಕಿವಿ ಹೋಗಿರೋದು ನಿಂಗಾ?"

"ಕಟ್ಟಿದೀನಿ ಬಿಡಪ್ಪ."

"ಒದ್ದೆ ಗೋಣಿ ಸುತ್ತಿ?"

"ಸುತ್ತಿ."

"ನೆರಳ ಕಡೆಗೆ?"

"ನೆರಳ ಕಡೆಗೇ. ಈಗ ಊಟ ಮಾಡ್ಲಾ?"

ಒತೀಲಿಯ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಜಾಡಿ ಅಂದರೆ ಮೂವರಿಗೆ ಒಂದು ದಿನ ಧಾರಾಳ. ಗುರುವಾರ ಬಂದರೂ ಶುಕ್ರವಾರದ ತನಕ ತಡೆಯುತ್ತಾರೆ. ಆಗ ಹೇಳಿದ್ದರೆ ಆಗುತ್ತಿತ್ತು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಆಮೇಲೆ ಬರಲಿಲ್ಲ. ಆದರೆ ಜಾಡಿ ಕಟ್ಟಿದೆಯಲ್ಲ ಎಂಬ ಧೈರ್ಯವೇ ಅವಳ ಬಾಯಿ ಮುಚ್ಚಿಸಿತು. ಸೌಟು ತೆಗೆದು ತೊಳೆದು, ಗಂಡನಿಗೆ ಇನ್ನಷ್ಟು ಬಡಿಸಿದಳು.

ಶುಕ್ರವಾರ ಅವಳು ಬೆಳಿಗ್ಗೆಯೇ ಗೋಧಿ ರೊಟ್ಟಿ, ಒಣಮಾಂಸದ ಪಲ್ಯ, ಆರು ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಶಾಲೆಗೆ ಹೋದಳು. ಮಧ್ಯಾಹ್ನ ನೆಲ್ದ, ಅಮ್ಮ ಹೇಳಿದ್ದ ಹಾಗೆ, ಅಜ್ಜನ ಟ್ರಕ್ಕು ತಂದು ನಿಲ್ಲಿಸಿದಳು. ಹತ್ತಿ ಕೂತ ಒತೀಲಿಯಳ ಕಾಲಿಗೆ ಏನೋ ತಗಡು ತಾಗಿ ಸದ್ದಾಯಿತು. ಬಗ್ಗಿ ಎತ್ತಿದರೆ ತಗಡಿನ ಲೋಟ. ಕೊರಳಿಗೆ ತಂತಿ ಹಾಗೇ ಇತ್ತು. ಅಂಚಿನ ಹತ್ತಿರ ಕುದುರೆ ತುಳಿದು ಆದ ತಗ್ಗು. ರೆತಮಾಲಿನ ಲೋಟ.

"ಇದು ಇಲ್ಲಿಗೆ ಹೆಂಗೆ ಬಂತು?"

"ಯಾರಿಗ್ಗೊತ್ತು. ಅಪ್ಪ ಬಿಸಾಕಿರ್ಬೇಕು."

ಒತೀಲಿಯ ಇಳಿದು ಟ್ರಕ್ಕಿನ ಹಿಂದಕ್ಕೆ ಹೋದಳು. ಅಲ್ಲಿ ಮೂರು ಜಾಡಿಗಳು ಸಾಲಾಗಿ ಕೂತಿದ್ದವು, ಖಾಲಿ. ಗೋಣಿಗಳು ಒಣಗಿ ಗರಿಗರಿ ಆಗಿದ್ದವು.

"ಓಡ್ಸು," ಎಂದಳು. "ರೆತಮಾಲಿಗೆ ಓಡ್ಸು."

"ಯಾಕಮ್ಮ? ಏನಾಯ್ತು?"

"ನಿನ್ನ ಮಾವ ಅಲ್ಲಿದಾನೆ."

ರೆತಮಾಲಿನ ಚಕ್ರ ಕಟ್ಟಿದ್ದರಿಂದ ಅಷ್ಟು ಗಾಳಿಯಲ್ಲೂ ಅಲ್ಲಾಡದೆ ನಿಂತಿತ್ತು. ತೊಟ್ಟಿಯ ತಳದಲ್ಲಿ ಹಸಿರು ಪಾಚಿ ಒಣಗಿ ಸಿಪ್ಪೆ ಎದ್ದಿತ್ತು. ಆ ಪಾಚಿಯನ್ನು ಯಾರೋ ಬೆರಳಿನಿಂದ ಕೆರೆದು ತೆಗೆದ ಗೆರೆಗಳಿದ್ದವು. ಓಕ್ ತೋಪಿನ ಕೆಳಗೆ ಒಂದೇ ಜೊತೆ ಕಾಲಿನ ಗುರುತು, ಬಂದು ಹೋಗಿ ಬಂದು ಹೋಗಿ ಮಾಡಿದ್ದು. ಜೊತೆಗಿದ್ದ ಇಬ್ಬರು ಎಲ್ಲಿ ಬಿಟ್ಟುಹೋದರೋ. ಗಾಳಿಯಂತ್ರದ ಏಣಿಯ ಮೇಲಿನ ಮೆಟ್ಟಿಲಿಗೆ ನೀಲಿ ಕರವಸ್ತ್ರ ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು.

"ಹತ್ತಿದ್ದಾನೆ," ಎಂದಳು ನೆಲ್ದ. "ಯಾಕೆ ಹತ್ತಿದ?"

ಒತೀಲಿಯಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಲಿಬ್ರಾದೊ ಅವಳನ್ನು ಅದೇ ಏಣಿ ಹತ್ತಿಸಿದ್ದ. ಮೇಲಿಂದ ಪೂರ್ವಕ್ಕೆ ನೋಡಿದರೆ ಸಮುದ್ರದ ಹಿನ್ನೀರು ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತದೆ. ತಮ್ಮನಿಗೆ ಕಾಗದ ಬರೆದಿದ್ದಳು, ನಮ್ಮ ಗಾಳಿಯಂತ್ರ ಹತ್ತಿದರೆ ಕಣ್ಣು ತುಂಬ ನೀರು ಕಾಣುತ್ತದೆ ಎಂದು. ಸಮುದ್ರಕ್ಕಿಂತ ಉಪ್ಪು ಎಂದು ಬರೆದಿರಲಿಲ್ಲ. ಹುಡುಗನಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದಳು.

ದನದ ಹೆಜ್ಜೆಗಳು ಪಶ್ಚಿಮಕ್ಕೆ, ದೊಡ್ಡಿಯ ಕಡೆಗೆ ಹೋಗಿದ್ದವು. ಅಲ್ಲಿಗೆ ಒಂದು ಹರದಾರಿ, ತೊಟ್ಟಿ ತುಂಬ ಸಿಹಿನೀರು. ಮನುಷ್ಯನ ಹೆಜ್ಜೆ ಪೂರ್ವಕ್ಕೆ ಹೋಗಿತ್ತು.

ಅವಳು ಹೆಜ್ಜೆ ಹಿಡಿದು ಹೆಸರು ಕೂಗುತ್ತ ಓಡಿದಳು. ನೆಲ್ದ ದೊಡ್ಡಿಗೆ ಟ್ರಕ್ಕು ಓಡಿಸಿ ಅಪ್ಪನನ್ನು ಕರೆತಂದಳು. ಲಿಬ್ರಾದೊ ಬರುವಷ್ಟರಲ್ಲಿ ಗಾಳಿ ಮರಳು ಎಬ್ಬಿಸಿ ಗುರುತು ಅಳಿಸಿತ್ತು. ಒತೀಲಿಯ ಮಂಡಿಯೂರಿ ಮರಳು ಸವರುತ್ತಿದ್ದಳು.

"ನಿನ್ನ ತಮ್ಮನಾ? ಚೆಮನಾ?" ಎಂದ. "ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಮಡಿಲಿನಿಂದ ಲೋಟ ತೆಗೆದು ತೋರಿಸಿದಳು. ಅವನು ಅದನ್ನು ನೋಡಿದ. ಕುದುರೆ ತರಿಸಿ ಕತ್ತಲಾಗುವವರೆಗೂ ಹುಡುಕಿದ, ಬೆಳಗಾಗುವ ಮೊದಲೇ ಮತ್ತೆ ಹೊರಟ.

ಶನಿವಾರ ಬೆಳಿಗ್ಗೆ ಚೆಮ ಸಿಕ್ಕಿದ್ದು ಅವನಿಗೇ. ಹಿನ್ನೀರಿನ ದಡದಲ್ಲಿ, ಮೊಣಕಾಲೆತ್ತರದ ಓಕ್ ಪೊದೆಯ ನೆರಳಿಗೆ ತಲೆ ಇಟ್ಟು ಮಲಗಿದ್ದ. ಅಂಗಿ ಒದ್ದೆ ಮಾಡಿ ಮುಖಕ್ಕೆ ಹಾಕಿಕೊಂಡಿದ್ದ, ಅದು ಒಣಗಿ ಉಪ್ಪು ಬಿಟ್ಟಿತ್ತು. ಲಿಬ್ರಾದೊ ಬೇರೆ ಯಾರನ್ನೂ ಮುಟ್ಟಗೊಡದೆ ತಾನೇ ಎತ್ತಿ ತಂದು ದಾರಿಯ ಪಕ್ಕ ಮಲಗಿಸಿದ.

ಪೊಲೀಸಿನವನು ಬಂದ, ಪ್ರೆಂಟಿಸ್ ಬಂದ, ದೊಡ್ಡಿಯ ಆಳುಗಳು ಬಂದರು.

"ಇವನು ಯಾರಿಗಾದ್ರೂ ಗೊತ್ತಾ?" ಎಂದ ಪೊಲೀಸಿನವನು. ಗೊತ್ತು ಎನ್ನುವವರು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪುಸ್ತಕದಲ್ಲಿ ಅದಾಗಲೇ ಬರೆಯತೊಡಗಿದ್ದ.

ಲಿಬ್ರಾದೊ ನೆಲ ನೋಡುತ್ತಿದ್ದ. ನೆಲ್ದ ಅಮ್ಮನ ಕೈ ಬಿಗಿಯಾಗಿ ಹಿಡಿದಳು. ಏಳು ದಿನ ಎಂಬ ಮಾತು ಮೂವರ ಕಿವಿಯಲ್ಲೂ ಇತ್ತು.

ಒತೀಲಿಯ ಕೈ ಬಿಡಿಸಿಕೊಂಡು ಮುಂದೆ ಬಂದಳು. "ನನ್ನ ತಮ್ಮ. ಹೋಸೆ ಮರಿಯ ಅಂತ ಹೆಸರು. ನಾವು ಚೆಮ ಅಂತೀವಿ. ಇಪ್ಪತ್ಮೂರು ವರ್ಷ. ನಾನೇ ಬಾ ಅಂದಿದ್ದೆ. ಬರ್ಕೊಳ್ಳಿ."

ಪ್ರೆಂಟಿಸ್ ಟೋಪಿ ತೆಗೆದ.

ಊರಿಗೆ ಕಳಿಸುವ ಹಾಗಿರಲಿಲ್ಲ, ಹೆಣ ಆ ಸ್ಥಿತಿಯಲ್ಲಿತ್ತು. ಕಾವಲಿನ ಸ್ಮಶಾನದಲ್ಲಿ ಕೆಲಸದವರಿಗೆ, ಅವರ ಹೆಂಡತಿ ಮಕ್ಕಳಿಗೆ ಮಾತ್ರ ಜಾಗ. ಮುದುಕ ಎದ್ದು ಕೋಲು ಊರಿದ.

"ನಮ್ಮವಳ ಗೋರಿ ಪಕ್ಕದಲ್ಲಿ ನನ್ನ ಜಾಗ ಇದ್ಯಲ್ಲ, ಅಲ್ಲಿ ಮಲಗ್ಸಿ. ನಂಗೇನೂ ಆತುರ ಇಲ್ಲ."

ಸೋಮವಾರ ಪ್ರೆಂಟಿಸ್ ಒಂದು ಪೆಟ್ಟಿಗೆ ಮಾಂಸ ಹಿಡಿದು ಜಗಲಿಗೆ ಬಂದ. ಅರೆಬರೆ ಅವರ ಭಾಷೆಯಲ್ಲೇ ಹೇಳಿದ, ತುಂಬಾ ಸಂಕಟವಾಯಿತು, ಮನೆಯ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ, ಸತ್ತವನ ಹೆಸರಲ್ಲಿ ಯಾರನ್ನೂ ಮನೆ ಬಿಡಿಸುವುದಿಲ್ಲ ಎಂದು.

"ಬದುಕಿ ಬಂದಿದ್ರೆ ಮನೆ ಹೋಗ್ತಿತ್ತು," ಎಂದ ಮುದುಕ. "ಸತ್ತ, ಉಳೀತು. ಒಳ್ಳೇ ಲೆಕ್ಕ."

ಪ್ರೆಂಟಿಸ್ ಪೆಟ್ಟಿಗೆ ಇಟ್ಟು ಹೋದ. ಒತೀಲಿಯ ಆ ಮಾಂಸವನ್ನು ಪಕ್ಕದ ಮನೆಗಳಿಗೆಲ್ಲ ಹಂಚಿದಳು. ಒಂದು ತುಂಡೂ ಒಲೆಗೆ ಇಡಲಿಲ್ಲ.

ಆಮೇಲೆ ಸೆಪ್ಟೆಂಬರು ಪೂರ್ತಿ ಆ ಮನೆಯಲ್ಲಿ ಜಗಳವೇ ಆಗಲಿಲ್ಲ. ಇದ್ದ ಜಗಳಗಳೇ ಎಷ್ಟೋ ವಾಸಿ ಅನಿಸುವಂತಾಯಿತು. ಒತೀಲಿಯ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಗಂಡನ ಅಂಗಿಗೆ ಗುಂಡಿ ಹಾಕುತ್ತಿದ್ದಳು, ಅವನ ಕಾಫಿಗೆ ಸಕ್ಕರೆ ಎಷ್ಟು ಬೇಕೋ ಅಷ್ಟೇ ಹಾಕುತ್ತಿದ್ದಳು. ಮಾತು ಮಾತ್ರ ಇಲ್ಲ. ಒಂದು ಶನಿವಾರ ಬಟ್ಟೆ ಒಣಹಾಕುತ್ತಿದ್ದಾಗ ಲಿಬ್ರಾದೊ ತಂತಿಯ ಆಚೆ ಬಂದು ನಿಂತ.

"ಅವತ್ತು ಪ್ರೆಂಟಿಸ್ ತಾನೂ ಬರ್ತೀನಿ ಅಂತ ಟ್ರಕ್ ಹತ್ತಿ ಪಕ್ಕದಲ್ಲೇ ಕೂತ. ಲೋಟ ನೋಡಿ ಏನಿದು ಅಂದ. ನಾನು ಹಳೇದು ಅಂತ ಕಿತ್ತು ಒಳಗೆ ಹಾಕ್ದೆ. ಅವನ ಕಣ್ಮುಂದೆ ಜಾಡಿ ಹೆಂಗೆ ಕಟ್ಲಿ?"

ಅವಳು ಹಾಸಿಗೆ ಬಟ್ಟೆ ಕೊಡವಿದಳು.

"ಮಾರನೇ ದಿನ ಹೋಗಿ ಕಟ್ಟೋಣ ಅಂತಿದ್ದೆ. ದೊಡ್ಡೀಲಿ ಗೇಟು ಮುರೀತು, ಆಗ್ಲಿಲ್ಲ. ಅಪ್ಪ ಕೇಳ್ದಾಗ ಬೀಸೋ ದೊಣ್ಣೆ ತಪ್ಸ್ಕೊಂಡ್ರೆ ಸಾಕು ಅಂತ ಒಂದು ಮಾತು ಅಂದ್ಬಿಟ್ಟೆ. ಒತೀಲಿಯ, ನಿನ್ನ ತಮ್ಮ ಬರ್ತಾನೆ ಅಂತ ನೀನು ಹೇಳಿದ್ದಿದ್ರೆ, ಆಣೆಗೂ, ಕೆಲಸ ಹೋದ್ರೂ ಕಟ್ತಿದ್ದೆ."

ಆರು ವಾರದಲ್ಲಿ ಮೊದಲ ಸಲ ಅವಳು ಅವನ ಮುಖ ನೋಡಿ ಮಾತಾಡಿದಳು.

"ನನ್ನ ತಮ್ಮ ಅಲ್ಲದೆ ಇನ್ನೊಬ್ಬಳ ತಮ್ಮ ಆಗಿದ್ರೆ?"

ಮಂಗಳವಾರ ಸೌಟು ಜಾರಿದಾಗ ತಾನೇಕೆ ಬಾಯಿ ಬಿಡಲಿಲ್ಲ ಎಂದು ಅವಳೂ ದಿನಕ್ಕೆ ಹತ್ತು ಸಲ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನೆಲ್ದಳಿಗೆ ಸುಮ್ಮನಿರಲಾಗಲಿಲ್ಲ. ಪಾತ್ರೆ ಒರೆಸುತ್ತ ಅಮ್ಮನ ಹತ್ತಿರ ಪಿಸುಗುಟ್ಟಿದಳು. "ಜಾಡಿ ಕಟ್ಟೇ ಇರ್ಲಿಲ್ಲ ಅಂತ ಅಜ್ಜಂಗೆ ಗೊತ್ತಿಲ್ಲ. ಅಪ್ಪನ ಜೊತೆ ಇನ್ನೂ ಕುದುರೆ, ಹವಾ ಅಂತ ಮಾತಾಡ್ಕೊಂಡು ಕೂತಿರ್ತಾನೆ. ನಾನು ಹೇಳ್ಬಿಡ್ತೀನಿ."

"ಬೇಡ."

"ಯಾಕೆ ಬೇಡ? ಅಪ್ಪನ ಮೇಲೆ ಇನ್ನೂ ಪ್ರೀತಿನಾ ನಿಂಗೆ?"

"ಅಪ್ಪನ ಮಾತಲ್ಲ ಇದು. ಅಜ್ಜಂಗೆ ಎಪ್ಪತ್ನಾಲ್ಕು. ಇರೋನು ಒಬ್ನೇ ಮಗ. ಅವನ ಮೇಲಿನ ನಂಬಿಕೇನೂ ಕಿತ್ಕೊಂಡ್ರೆ ಜಗಲೀಲಿ ಏನು ಇಟ್ಕೊಂಡು ಕೂರ್ತಾನೆ? ಬಾಯಿ ಮುಚ್ಕೊಂಡು ಪಾತ್ರೆ ಒರಸು."

ಲೋಟವನ್ನು ಒತೀಲಿಯ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ಬಿಸಾಡಲು ಮನಸ್ಸಿಲ್ಲ, ನೋಡಲು ಕಣ್ಣಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮಾವ ಅದರಲ್ಲೇ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಪಿಂಗಾಣಿ ಬಟ್ಟಲು ಹುಡುಕುತ್ತ ತಡಕಾಡಿದಾಗ ಕೈಗೆ ಸಿಕ್ಕಿರಬೇಕು. ಆದರೆ ಮುದುಕ ಏನೂ ಕೇಳಲಿಲ್ಲ. ಕಣ್ಣು ಕಾಣದವನಿಗೆ ಯಾವ ಲೋಟವಾದರೇನು ಎಂದು ಅವಳೂ ಬಿಟ್ಟಳು. ಅಲ್ಲಿಂದ ಮುಂದೆ ದಿನವೂ ಅವನಿಗೆ ಅದೇ ಲೋಟ.

ಅಕ್ಟೋಬರಿನಲ್ಲಿ ಗಾಳಿ ಬಡಗಣಕ್ಕೆ ತಿರುಗಿತು. ಮಾರಾಟದ ದನ ಹೋಗಿ, ಉಳಿದವನ್ನು ರೆತಮಾಲಿನ ಕಾವಲಿಗೆ ಬಿಟ್ಟು, ಚಕ್ರ ಬಿಚ್ಚಿ ತೊಟ್ಟಿ ತುಂಬಿಸಿದ್ದರು. ಲಿಬ್ರಾದೊ ಈಗ ಯಾರು ಪಕ್ಕದಲ್ಲಿ ಕೂತಿದ್ದರೂ ಲೆಕ್ಕಿಸದೆ ಎಲ್ಲ ಕಡೆ ಜಾಡಿ ಕಟ್ಟುತ್ತಿದ್ದ. ಪ್ರೆಂಟಿಸ್ ಕಂಡೂ ಕಾಣದ ಹಾಗೆ ಇರುತ್ತಿದ್ದ. ಅಷ್ಟು ಸುಲಭವಾಗಿತ್ತು ಅದು.

ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಕಾಳಿನ ಸಾರು, ರೊಟ್ಟಿ, ಹುರಿದ ಮೆಣಸಿನಕಾಯಿ. ಮುದುಕ ಊಟ ಮುಗಿಸಿ, ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದು ಕೂತವನು ಇದ್ದಕ್ಕಿದ್ದ ಹಾಗೆ ಕೇಳಿದ.

"ಒತೀಲಿಯ, ಒಂದು ಮಾತು ಕೇಳ್ಬೇಕು ಅಂತಿದ್ದೆ. ಅವತ್ತು ನೀನು ಹೋದಾಗ ಜಾಡಿ ಕಟ್ಟಿತ್ತಾ?"

ಲಿಬ್ರಾದೊನ ಕೈ ತಟ್ಟೆಯಲ್ಲೇ ನಿಂತಿತು. ನೆಲ್ದ ಅಮ್ಮನನ್ನೇ ನೋಡಿದಳು. ಒತೀಲಿಯ ಗಂಡನ ಮುಖ ನೋಡಿದಳು. ಎರಡು ತಿಂಗಳಲ್ಲಿ ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಈಗ ಒಂದು ಮಾತು ಸಾಕಿತ್ತು. ಆ ಮಾತು ಆಡುವ ಹಕ್ಕು ಅವಳಿಗಿತ್ತು, ಆಡಬೇಕೆಂಬ ಆಸೆಯೂ ಇತ್ತು.

"ಕಟ್ಟಿತ್ತು ಮಾವ," ಎಂದಳು. "ಖಾಲಿಯಾಗಿತ್ತು."

"ಹಂಗಾದ್ರೆ ಕುಡಿದಿದಾನೆ."

"ಕುಡಿದಿದಾನೆ ಮಾವ."

"ಗೋಣಿ ಸುತ್ತಿತ್ತಾ?"

"ಸುತ್ತಿತ್ತು. ನೆರಳ ಕಡೆಗೇ ಇತ್ತು."

"ಅಷ್ಟಾದ್ರೂ ಆಯ್ತಲ್ಲ," ಎಂದ ಮುದುಕ.

ಲಿಬ್ರಾದೊ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಿ ನಿಲ್ಲಿಸಲಿಲ್ಲ. ಹಿತ್ತಿಲ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನು ಅಳುವ ಸದ್ದು ಒಳಗೆ ಕೇಳಿಸಿತು. ಗಂಡಸು ಅಷ್ಟು ಗಟ್ಟಿಯಾಗಿ ಅತ್ತಿದ್ದನ್ನು ನೆಲ್ದ ಕೇಳಿರಲಿಲ್ಲ. ಅವಳು ಅಜ್ಜನ ಕಡೆ, ಅಮ್ಮನ ಕಡೆ ನೋಡಿ, ಕೊನೆಗೆ ಅಪ್ಪನ ಹಿಂದೆ ಹೋದಳು.

ಮುದುಕ ಕಾಫಿಯ ಕೊನೆಯ ಗುಟುಕು ಕುಡಿದ. ಹೆಬ್ಬೆರಳಿನಿಂದ ಲೋಟದ ಅಂಚು ಸವರಿ, ತಗ್ಗಿನ ಹತ್ತಿರ ಬಂದು ನಿಲ್ಲಿಸಿದ.

"ನಮ್ಮ ಕಂದು ಕುದುರೆ ತುಳಿದಿದ್ದು ಇದು," ಎಂದ ಮೆಲ್ಲಗೆ. "ನಲವತ್ತು ವರ್ಷ ಆಯ್ತು. ಕಣ್ಣಿಲ್ದಿದ್ರೂ ನಂಗೆ ಗೊತ್ತಾಗುತ್ತೆ ಮಗಳೆ."

ಒತೀಲಿಯ ಅವನ ಕಡೆ ತಿರುಗಿದಳು.

"ಯಾವಾಗಿಂದ?"

"ಡಬ್ಬಿ ಹಿಂದೆ ಕೈಗೆ ಸಿಕ್ಕಿದ ದಿನದಿಂದ. ಲೋಟ ಇಲ್ಲಿ ಇದ್ಮೇಲೆ ಜಾಡಿ ಅಲ್ಲಿ ಹೆಂಗಿರುತ್ತೆ?"

"ಮತ್ತೆ ಯಾಕೆ ಕೇಳಿದ್ರಿ ಮಾವ?"

"ನನ್ನ ಮಗ ಸಾಯ್ತಿದ್ದ ಕಣಮ್ಮ, ದಿನಾ ಸ್ವಲ್ಪ ಸ್ವಲ್ಪ. ನಾನು ಮನ್ನಿಸಿ ಬಿಡ್ಸೋಕೆ ಆಗೋದಲ್ಲ ಅದು. ಸತ್ತೋನು ನನ್ನ ತಮ್ಮ ಅಲ್ಲ." ಮುದುಕ ಲೋಟ ಚಾಚಿದ. "ನೀನು ಏನ್ ಹೇಳಿದ್ರೂ ಸರಿ ಅಂತಲೇ ಕೇಳ್ದೆ. ತಗೋ. ತೊಳೆದು ಅವನ ಕೈಗೆ ಕೊಡು. ರೆತಮಾಲಿನದು ರೆತಮಾಲಿಗೆ ಹೋಗ್ಲಿ."

"ನಂಗೆ ಕೊಡೋಕಾಗಲ್ಲ ಮಾವ. ಸುಳ್ಳು ಹೇಳೋಕಾಯ್ತು. ಕೊಡೋಕಾಗಲ್ಲ."

"ಆಗ್ಲಿ. ಟ್ರಕ್ಕಲ್ಲಿ ಇಡು. ಅವನೇ ತಗೋತಾನೆ."

ಅವಳು ಲೋಟ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಕಾಫಿಯ ಗಸಿ ಹೋಯಿತು. ಇನ್ನೊಮ್ಮೆ ತುಂಬಿಸಿದಳು, ಚೆಲ್ಲಿದಳು, ಮತ್ತೆ ತುಂಬಿಸಿದಳು. ಮಣ್ಣು ಮಾಡಿದ ದಿನವೂ ಬಾರದಿದ್ದ ಅಳು ಈಗ ಬಂತು. ಹೊರಗೆ ಗಂಡ ಅಳುತ್ತಿದ್ದ, ಒಳಗೆ ಇವಳು. ಇಬ್ಬರ ನಡುವೆ ಒಂದು ಬಾಗಿಲು, ಅದೂ ತೆರೆದೇ ಇತ್ತು. ಇಬ್ಬರಲ್ಲಿ ಯಾರೂ ದಾಟಲಿಲ್ಲ.

ತುಂಬಿದ ಲೋಟವನ್ನು ಅವಳು ತುಂಬ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದಳು. ಅದರಲ್ಲಿ ಹಿಡಿಯುತ್ತಿದ್ದುದು ಒಂದು ಪಾವು ನೀರು.